ಕೊರಳಿನಷ್ಟು ದಪ್ಪ

ನಮ್ಮೂರಲ್ಲಿ ಅಕ್ರೋಟು ಸಸಿಯನ್ನು ಮುದುಕರ ಕೈಲಿ ನೆಡಿಸುತ್ತಾರೆ. ಮರದ ಬೊಡ್ಡೆ ನೆಟ್ಟವರ ಕೊರಳಿನಷ್ಟು ದಪ್ಪಕ್ಕೆ ಬಂದ ವರ್ಷ ನೆಟ್ಟವರು ಉಳಿಯುವುದಿಲ್ಲ. ಪ್ರುತ್ ಹೊಳೆಯ ಈ ದಡದಲ್ಲಿ ಇದು ಎಲ್ಲರಿಗೂ ಗೊತ್ತು. ಎಂಬತ್ತು ದಾಟಿದವರಿಗೆ ಇದರಿಂದ ನಷ್ಟವೇನಿಲ್ಲ, ಮರ ದಪ್ಪವಾಗುವ ಹೊತ್ತಿಗೆ ಅವರು ಹೇಗೂ ಇರುವುದಿಲ್ಲ. ಹಾಗಾಗಿ ಸಸಿ ತಂದವರು ಒಂದು ಹೂಜಿ ದ್ರಾಕ್ಷಾರಸ ಹಿಡಿದು ಯಾವುದಾದರೂ ಮುದುಕನ ಬಾಗಿಲಿಗೆ ಹೋಗುತ್ತಾರೆ. ಅವನು ಕೆಮ್ಮುತ್ತಾ ಬಂದು, ಗುಂಡಿಗೆ ಸಸಿ ಇಟ್ಟು, ಮಣ್ಣು ತಳ್ಳಿ, ಊಟ ಮಾಡಿ ಹೋಗುತ್ತಾನೆ.

ನನ್ನ ಗಂಡ ತ್ರೊಫೀಮ ಯಾರ ಬಾಗಿಲಿಗೂ ಹೋಗಲಿಲ್ಲ. ಅವನು ನರ್ಸರಿಯಲ್ಲಿ ಕಸಿ ಕಟ್ಟುವವನು, ನಮ್ಮ ಮಾತೆಲ್ಲ ಅವನಿಗೆ ತಮಾಷೆ. ನರ್ಸರಿಯಲ್ಲಿ ನೆಟ್ಟ ಗಿಡಕ್ಕೆಲ್ಲ ಒಂದೊಂದು ಸಲ ಸಾಯುವುದಾದರೆ ನನ್ನ ತಿಥಿಯೂಟ ಹಾಕಿಯೇ ನೀವು ದಿವಾಳಿಯಾಗುತ್ತೀರಿ ಎಂದು ನಗುತ್ತಿದ್ದ. ಅವನ ತಾಯಿ, ನನ್ನ ಅತ್ತೆ ಸಾಫ್ತಾ, ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು. ನರ್ಸರಿಯ ಗಿಡ ಅಲ್ಲೇ ನಿಲ್ಲುವುದಿಲ್ಲ, ಕಿತ್ತುಕೊಂಡು ಹೋಗಿ ಬೇರೆಯವರು ನೆಡುತ್ತಾರೆ. ಕೊನೆಗೆ ಯಾರು ಮಣ್ಣಿಗಿಡುತ್ತಾರೋ ಅವರ ತಲೆಗೇ ಬರುವುದು ಎಂದರು. ತ್ರೊಫೀಮ ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮ ಮಗಳು ಕತಿಂಕಾಗೆ ಮೂರು ವರ್ಷ ತುಂಬಿದ ಆ ಅಕ್ಟೋಬರಿನಲ್ಲಿ, ತಾನೇ ಕಸಿ ಕಟ್ಟಿದ ಒಂದು ಸಸಿ ತಂದು ಹಿತ್ತಲಲ್ಲಿ ನೆಟ್ಟ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ.

ಆ ಚಳಿಗಾಲ ಬಾವಿಯ ಹಗ್ಗವೇ ಮಂಜುಗಟ್ಟಿ ತುಂಡಾಗುವಷ್ಟು ಕೆಟ್ಟದಾಗಿತ್ತು. ಫೆಬ್ರವರಿಯಲ್ಲಿ ತ್ರೊಫೀಮ ಕಟ್ಟಡದ ಕೆಲಸಕ್ಕೆಂದು ಉತ್ತರಕ್ಕೆ ಹೋದವನು ಮರಳಿದ್ದು ಮುಂದಿನ ವರ್ಷದ ಕೊನೆಗೆ. ಆ ಎರಡೂ ಬೇಸಿಗೆ ನಾನು ದಿನವಿಡೀ ಬೀಟ್‌ರೂಟ್ ಹೊಲದಲ್ಲಿ, ಮಗು ಅತ್ತೆಯ ಹತ್ತಿರ. ತ್ರೊಫೀಮ ಬಂದು ನೋಡಿದಾಗ ಗುಂಡಿಯಲ್ಲಿ ಮೊಣಕಾಲುದ್ದದ ಗಿಡವಿತ್ತು. ಮೇಲಿನದು ಚಳಿಗೆ ಸತ್ತು ಬುಡದಿಂದ ಹೊಸದಾಗಿ ಚಿಗುರಿದೆ ಎಂದರು ಅತ್ತೆ. ಕಸಿ ಹೋಗಿ ಕೆಳಗಿನ ನಾಟಿ ಗಿಡ ಉಳಿದಿದೆ, ಇರಲಿ ಬಿಡಿ, ಇದಕ್ಕೆ ಚಳಿ ತಡೆಯುವ ಶಕ್ತಿ ಹೆಚ್ಚು ಎಂದ ತ್ರೊಫೀಮ. ಅನುಮಾನ ಪಡುವಂಥದ್ದು ಅದರಲ್ಲೇನೂ ಇರಲಿಲ್ಲ.

ಅಲ್ಲಿಂದ ನನ್ನ ಹೆದರಿಕೆ ಶುರುವಾಯಿತು. ಪ್ರತಿ ಶರತ್ಕಾಲದಲ್ಲಿ ಯಾರೂ ಇಲ್ಲದಾಗ ಹೋಗಿ ಬೊಡ್ಡೆಗೆ ದಾರ ಸುತ್ತಿ ಅಳೆಯುತ್ತಿದ್ದೆ, ಆಮೇಲೆ ಆ ದಾರವನ್ನು ಗಂಡನ ಅಂಗಿಯ ಕಾಲರಿನ ಪಕ್ಕದಲ್ಲಿ ಇಡುತ್ತಿದ್ದೆ. ಅವನದು ಗೂಳಿಯ ಕೊರಳು, ಇನ್ನೂ ಬೇಕಾದಷ್ಟು ವರ್ಷವಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೂ ಅವನು ಒಂದು ಸಲ ಕೆಮ್ಮಿದರೆ ಮತ್ತೆ ಹೋಗಿ ದಾರ ಹುಡುಕುತ್ತಿದ್ದೆ.

ಕಡಿದುಹಾಕುವ ಹಾಗೂ ಇಲ್ಲ. ಕಡಿದರೆ ನೆಟ್ಟವರನ್ನೂ ಅದು ಜೊತೆಗೇ ಕರೆದೊಯ್ಯುತ್ತದೆ. ನಮ್ಮೂರಿನ ಗಾವ್ರಿಲ್ ತಾನೇ ನೆಟ್ಟ ಅಕ್ರೋಟನ್ನು ಬೀರು ಮಾಡಿಸಲೆಂದು ಕಡಿದ, ಆ ವರ್ಷದ ಈಸ್ಟರ್ ಹಬ್ಬಕ್ಕೆ ಮೊದಲೇ ತೀರಿಕೊಂಡ. ಅವನು ಕುಡಿಯುತ್ತಿದ್ದ ನಿಜ, ಆದರೆ ಕುಡಿಯದವರು ಯಾರಿದ್ದಾರೆ? ಚಳಿಗೆ ಸತ್ತರೂ ಹಾಗೇ ಆಗುವುದೋ ಏನೋ ಎಂದು ಆ ಹಾಳು ಗಿಡವನ್ನು ನಾನೇ ಮಗುವಿನಂತೆ ಸಾಕಿದೆ. ಚಳಿಗೆ ಮುಂಚೆ ಬುಡಕ್ಕೆ ಮಣ್ಣೇರಿಸಿ, ತೊಗಟೆ ಬಿಸಿಲಿಗೆ ಸೀಳದಿರಲೆಂದು ಸುಣ್ಣ ಬಳಿದು, ಮೊಲ ಕಡಿಯದಿರಲೆಂದು ಹಳೇ ಬಟ್ಟೆ, ಗೋಣಿತಾಟು ಸುತ್ತಿ ಬಿಗಿದು ಕಟ್ಟುತ್ತಿದ್ದೆ. ಮೇ ತಿಂಗಳಲ್ಲಿ ಎಳೆ ಚಿಗುರಿನ ಮೇಲೆ ಮಂಜು ಬೀಳುವ ಬೆಳಗಿನ ಜಾವ ಒದ್ದೆ ಹುಲ್ಲು ಸುಟ್ಟು ಹೊಗೆ ಹಾಕುತ್ತಿದ್ದೆ. ಗಂಡನ ಪ್ರಾಣಕ್ಕೇ ಕುತ್ತು ತರುವ ಮರಕ್ಕೆ ಚಳಿಯಾಗದಂತೆ ನೋಡಿಕೊಳ್ಳುವ ಹೆಂಗಸು ನಾನು. ನನಗೇ ನನ್ನ ಮೇಲೆ ಸಿಟ್ಟು ಬರುತ್ತಿತ್ತು.

ಒಂದು ವಿಚಿತ್ರವೆಂದರೆ ಪ್ರತಿ ಚಳಿಗಾಲದಲ್ಲೂ ನಾನು ಕಟ್ಟಿದ್ದು ಬಿಚ್ಚಿಹೋಗಿರುತ್ತಿತ್ತು. ಗಾಳಿ ಎನ್ನುತ್ತಿದ್ದ ತ್ರೊಫೀಮ. ಗಂಟು ಬಿಚ್ಚಿ, ಬಟ್ಟೆ ಮಡಿಸಿಡುವ ಗಾಳಿಯನ್ನು ನಾನಂತೂ ಕಂಡಿಲ್ಲ.

ಈ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ ಹಾಲು ಕೊಟ್ಟು ಎಂದಿಗಿಂತ ಬೇಗ ಮನೆಗೆ ಬಂದೆ. ಹಿತ್ತಲಲ್ಲಿ ಅತ್ತೆ ಮಂಡಿಯುದ್ದ ಹಿಮದಲ್ಲಿ ನಿಂತು, ಕೈಗವಸು ತೆಗೆದು, ಕೆಂಪಾದ ಬೆರಳುಗಳಿಂದ ಗೋಣಿತಾಟಿನ ಗಂಟು ಬಿಚ್ಚುತ್ತಿದ್ದರು.

"ಅಂತೂ ಆ ಗಾಳಿ ನೀವೇ ಅನ್ನಿ ಅತ್ತೆ" ಎಂದೆ.

ಅವರು ಬೆಚ್ಚಿ ತಿರುಗಿದರು. ನಾವಿಬ್ಬರೂ ಹನ್ನೆರಡು ವರ್ಷದಿಂದ ಉಪ್ಪು ಹೆಚ್ಚು, ಉಪ್ಪು ಕಮ್ಮಿ ಎಂದು ಜಗಳವಾಡಿದವರು. ಆದರೆ ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಚಳಿಗೆ ಸತ್ತರೆ ದೋಷವಿಲ್ಲವೆಂದು ಇವರಿಗೆ ಗೊತ್ತಿರಬೇಕು, ಮಗನನ್ನು ಉಳಿಸಿಕೊಳ್ಳಲು ಮರವನ್ನು ಚಳಿಗೆ ಒಪ್ಪಿಸುತ್ತಿದ್ದಾರೆ ಎಂದುಕೊಂಡೆ. ಬಿಚ್ಚಿಬಿಡಿ, ನಾನೇನೂ ನೋಡಿಲ್ಲ ಎಂದು ಹೇಳಿ ಒಳಗೆ ಹೊರಟೆ.

"ಅವನದಲ್ಲ ಕಣೆ ಪ್ರೊಫೀರಾ" ಎಂದರು ಹಿಂದಿನಿಂದ.

"ಯಾವ್ದು?"

"ಈ ಮರ. ತ್ರೊಫೀಮ ನೆಟ್ಟಿದ್ದು ಮೊದಲ್ನೇ ಚಳಿಗೇ ಸತ್ತೋಯ್ತು. ಬೇರಿನ ತನಕ ಕಪ್ಪಾಗಿತ್ತು, ನಾನೇ ಕಿತ್ತು ಒಲೆಗೆ ಹಾಕ್ದೆ."

ಮತ್ತೆ ಇದು ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಹಿಮದಲ್ಲೇ ನಿಂತು ಎಲ್ಲ ಹೇಳಿದರು. ಆ ಮಾರ್ಚಿನಲ್ಲಿ ಅವರು ಮೆಟ್ಟಿಲ ಮೇಲೆ ಕೂತು ಅಕ್ರೋಟು ಒಡೆಯುತ್ತಿದ್ದರಂತೆ. ಕತಿಂಕಾ ಬುಟ್ಟಿಯಿಂದ ಒಂದು ಕಾಯಿ ಎತ್ತಿಕೊಂಡು ಹೋಗಿ, ಗಿಡ ಕಿತ್ತ ಸಡಿಲ ಮಣ್ಣಿನಲ್ಲಿ ಹೆಬ್ಬೆರಳಿನಿಂದ ಒತ್ತಿ, ಮೇಲೆ ಮಣ್ಣು ತಟ್ಟಿದಳಂತೆ. ಕಾಯಿ ಕಾಗೆ ತಿನ್ನುತ್ತದೆ, ಎಲ್ಲಿ ಹುಟ್ಟುತ್ತದೆ ಎಂದುಕೊಂಡು ಅತ್ತೆ ಎದ್ದು ಹೋಗಲಿಲ್ಲ. ಮೇ ಕೊನೆಗೆ ಅದು ಮಣ್ಣು ಸೀಳಿಕೊಂಡು ಮೇಲೆ ಬಂದಿತ್ತು.

"ಕೀಳೋಕೆ ಕೈ ಬರ್ಲಿಲ್ಲ" ಎಂದರು. "ನನ್ನ ಕೈಯಾರೆ ಕಿತ್ತು ಮಗೂಗೆ ಏನಾದ್ರೂ ಆದ್ರೆ? ಚಳಿ ತಾನಾಗೇ ಕೊಂದ್ರೆ ಯಾರಿಗೂ ಏನೂ ಆಗಲ್ಲ. ತ್ರೊಫೀಮನ ಗಿಡ ಚಳೀಗೆ ಸತ್ತು ಅವನು ಗಟ್ಟಿಯಾಗೇ ಇದಾನಲ್ಲ. ಅದಕ್ಕೇ ಪ್ರತಿ ವರ್ಷ ಬಿಚ್ತಿದ್ದೆ. ನೀನು ಮತ್ತೆ ಮತ್ತೆ ಕಟ್ತಿದ್ದೆ, ಮುಂಡೇದೇ."

ಆರು ವರ್ಷ ನಾನು ಅಳೆದದ್ದು ತಪ್ಪು ಕೊರಳು.

ಆ ಸಂಜೆ ಕತಿಂಕಾ ಶಾಲೆಯಿಂದ ಬಂದಾಗ ಸ್ವೆಟರಿನ ಕತ್ತಿಗೆ ಅಳತೆ ಬೇಕು ಎಂದು ದಾರ ಹಿಡಿದೆ. ಹೋದ ತಿಂಗಳು ತಾನೇ ಸ್ವೆಟರು ಹೆಣೆದೆಯಲ್ಲ ಅಮ್ಮ ಎಂದು ಅವಳು ಕಚಗುಳಿಯಿಟ್ಟಂತೆ ನಕ್ಕಳು. ಅವಳ ಕೊರಳು ಇಪ್ಪತ್ತೆಂಟು ಸೆಂಟಿಮೀಟರು. ಮರದ ಬೊಡ್ಡೆ ಇಪ್ಪತ್ತಾರು. ಹೋದ ಬೇಸಿಗೆಯೊಂದರಲ್ಲೇ ಅದು ಹೆಚ್ಚುಕಮ್ಮಿ ಮೂರು ಸೆಂಟಿಮೀಟರು ದಪ್ಪವಾಗಿತ್ತು. ಬರುವ ಬೇಸಿಗೆ ಸಾಕು.

ಮಗಳಿರುವ ಮನೆಗೆ ಮೈ ಕೊರೆಯುವ ಚಳಿ ಬರಲಿ ಎಂದು ದೇವರಪಟದ ಮುಂದೆ ಮೊಂಬತ್ತಿ ಹಚ್ಚಿ ಬೇಡಿದ ತಾಯಿ ಈ ಊರಲ್ಲಿ ನಾನೊಬ್ಬಳೇ ಇರಬೇಕು. ಅತ್ತೆ, ನಾನು ಸೇರಿ ಮರವನ್ನು ಬೆತ್ತಲೆ ಮಾಡಿದೆವು, ಬುಡದ ಮಣ್ಣನ್ನೂ ಸರಿಸಿದೆವು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಜಗಳವಿಲ್ಲದೆ ಒಂದು ಕೆಲಸ ಮಾಡಿದ್ದು ಅದು. ಆದರೆ ಚಳಿ ಬರಲಿಲ್ಲ. ಚಾವಣಿಯಿಂದ ನೀರು ತೊಟ್ಟಿಕ್ಕಿತು, ಕೋಳಿಗಳು ಫೆಬ್ರವರಿಯಲ್ಲೇ ಮೊಟ್ಟೆಯಿಟ್ಟವು. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಹಸಿರಾಗಿತ್ತು.

ಆ ದಿನಗಳಲ್ಲಿ ನಾನು ಹುಚ್ಚಿಯೇ ಆಗಿದ್ದೆ. ಕತಿಂಕಾಳನ್ನು ಬಾವಿಯ ಹತ್ತಿರ ಬಿಡಲಿಲ್ಲ, ತೆಳ್ಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರಲು ಬಿಡಲಿಲ್ಲ. ಸೀನಿದರೆ ಹಣೆ ಮುಟ್ಟಿ ನೋಡುತ್ತಿದ್ದೆ. ಕೊರಳು ದಪ್ಪವಾಗಲೆಂದು ಜೋಳದ ಹಿಟ್ಟಿನ ಮುದ್ದೆಯ ಮೇಲೆ ಬೆಣ್ಣೆ, ಕೆನೆ ಸುರಿದು ತಿನ್ನಿಸಿದೆ. ಹುಡುಗಿ ತಟ್ಟೆ ತಳ್ಳಿ, ನನ್ನನ್ನೇನು ಕ್ರಿಸ್ಮಸ್ಸಿಗೆ ಕೊಯ್ಯುವ ಹಂದಿ ಅಂದುಕೊಂಡಿದೀಯಾ ಎಂದು ಅತ್ತಳು.

ಕೊನೆಗೆ ತ್ರೊಫೀಮನಿಗೆ ಹೇಳಿದೆ. ಅವನು ನಕ್ಕ. ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ, ನನಗೆ ಒಬ್ಬ ವೈದ್ಯನ ಖರ್ಚು ಉಳಿಯಿತು ಎಂದ. ಮಾರನೇ ದಿನ ಕಿಟಕಿಯಿಂದ ನೋಡಿದರೆ, ಅವನು ಮರದ ಮುಂದೆ ನಿಂತು ಎರಡೂ ಕೈಯಿಂದ ಬೊಡ್ಡೆಯನ್ನು ಸುತ್ತಿ ಹಿಡಿದಿದ್ದ. ಒಳಗೆ ಬಂದವನು ನಗಲಿಲ್ಲ. ಊಟಕ್ಕೆ ಕೂತಾಗ, ತಟ್ಟೆಯನ್ನೇ ನೋಡುತ್ತಾ, ಅಮ್ಮನೇ ಹೇಳುವ ಹಾಗೆ ಕೊನೆಗೆ ಮಣ್ಣಿಗಿಟ್ಟವರ ತಲೆಗೆ ಬರುವುದು, ಕಿತ್ತು ಬೇರೆ ಕಡೆ ನೆಡುವುದಾದರೆ ಮೊಗ್ಗು ಒಡೆಯುವ ಮೊದಲೇ ಆಗಬೇಕು ಎಂದ. ಈ ವಯಸ್ಸಿನ ಅಕ್ರೋಟಿನ ತಾಯಿಬೇರು ತುಂಡಾದರೆ ಮರ ಸಾಯುತ್ತದೆ, ನಮ್ಮ ಸಲಿಕೆಯಿಂದ ಸತ್ತರೆ ಕಡಿದ ಹಾಗೇ ಆಯಿತು, ಆದ್ದರಿಂದ ಬೇರು ಇಡಿಯಾಗಿ ಬರಬೇಕು ಎಂದ. ಯಾರು ನೆಡುವುದು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರ ಮುದುಕರನ್ನು ಕರೆಯುವ ಹಾಗಿರಲಿಲ್ಲ. ಕೊರಳಷ್ಟೇ ದಪ್ಪಕ್ಕೆ ಬಂದ ಮರವನ್ನು ಯಾವ ಮುದುಕ ಮುಟ್ಟುತ್ತಾನೆ?

ಮಾರ್ಚ್ ಕೊನೆಯ ವಾರ ನೆಲ ಪೂರ್ತಿ ಕರಗಿತು. ಕತಿಂಕಾಳನ್ನು ನನ್ನ ಅಕ್ಕನ ಊರಿಗೆ ಕಳಿಸಿದೆವು. ಮೂರು ದಿನ ಅಗೆದೆವು. ಮೊದಲು ಸಲಿಕೆ, ಆಮೇಲೆ ಹಾರೆ, ಬೇರಿನ ಹತ್ತಿರ ಬಂದಮೇಲೆ ಚಮಚ ಮತ್ತು ಬೆರಳು. ತಾಯಿಬೇರು ಇಳಿಯುತ್ತಲೇ ಹೋಯಿತು. ತ್ರೊಫೀಮ ಗುಂಡಿಯಲ್ಲಿ ಎದೆಮಟ್ಟ ಮುಳುಗಿದ್ದ, ಒಂದು ಕಲ್ಲು ತಾಗಿದ ಸದ್ದು ಬಂದರೂ ನಾನು ಬಗ್ಗಿ ನೋಡುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ ತುದಿ ಸಿಕ್ಕಿತು, ಇಲಿಯ ಬಾಲದಷ್ಟು ಸಣ್ಣದು. ಒದ್ದೆ ಗೋಣಿಯಲ್ಲಿ ಸುತ್ತಿ, ಇಬ್ಬರೂ ಹೊತ್ತು ಬೇಲಿಯ ಪಕ್ಕದ ಹೊಸ ಗುಂಡಿಗೆ ತಂದೆವು.

ಅಲ್ಲಿ ಜಗಳ ಹತ್ತಿತು. ನಾನು ಗುಂಡಿಗೆ ಇಳಿಯಲು ಹೋದೆ, ಅವನು ತೋಳು ಹಿಡಿದು ಎಳೆದ.

"ನೀನ್ಯಾಕೆ? ಇದೆಲ್ಲ ಸುಳ್ಳು ಅಂತಿದ್ದೋನು ನೀನು" ಎಂದೆ.

"ಸುಳ್ಳೇ. ಅದಕ್ಕೇ ನಾನ್ ನೆಡ್ತೀನಿ. ನನ್ನ ಕೊರಳು ದಪ್ಪ ಇದೆ, ಇನ್ನೂ ಐದಾರು ವರ್ಷ ಇರುತ್ತೆ."

"ಆಮೇಲೆ?"

ಅವನ ಮುಖ ಸುಣ್ಣವಾಗಿತ್ತು. ಹನ್ನೆರಡು ವರ್ಷ ಸಂಸಾರ ಮಾಡಿದ್ದೇನೆ, ಅವನು ನಂಬುತ್ತಾನೆ ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ಅವನ ಎದೆಗೆ ಗುದ್ದಿದೆ, ಅವನು ನನ್ನನ್ನು ಕೆಸರಿಗೆ ತಳ್ಳಿದ. ಇಬ್ಬರೂ ಬೀದಿನಾಯಿಗಳ ಹಾಗೆ ಕಚ್ಚಾಡುತ್ತಿರುವಾಗ ಅತ್ತೆ ನಮ್ಮನ್ನು ಬಳಸಿಕೊಂಡು ಹೋಗಿ, ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟರು.

ನಮ್ಮ ಅತ್ತೆಯಷ್ಟು ಸಾವಿಗೆ ಹೆದರುವವರನ್ನು ನಾನು ಕಂಡಿಲ್ಲ. ಎಪ್ಪತ್ತಾರು ವರ್ಷ. ಅವರ ವಾರಗೆಯ ಹೆಂಗಸರೆಲ್ಲ ಶವದ ಬಟ್ಟೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಇವರು ಆ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಚರ್ಚಿನ ಸಾವಿನ ಗಂಟೆ ಹೊಡೆದರೆ ಕಿವಿಗೆ ದಿಂಬು ಒತ್ತಿಕೊಳ್ಳುತ್ತಾರೆ. ಸ್ವಂತ ತಂಗಿಯ ಮಣ್ಣಿಗೂ ಹೋಗಲಿಲ್ಲ.

"ಅಮ್ಮ, ಎದ್ದೇಳು" ಎಂದ ತ್ರೊಫೀಮ.

"ಆವತ್ತು ಮೆಟ್ಲಿಂದ ಏಳ್ಬೇಕಿತ್ತು, ಎದ್ದಿದ್ರೆ ಆಗ್ತಿತ್ತು" ಎಂದರು. "ಈಗ ಗಿಡ ಕೊಡಿ. ಬೇಗ ಕೊಡಿ, ನನಗೆ ಭಯ ಆಗ್ತಿದೆ."

ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ತಲೆವಸ್ತ್ರ ಜಾರಿ ಕೊರಳು ಕಾಣುತ್ತಿತ್ತು, ಬರೀ ಚರ್ಮ ಮತ್ತು ನರ. ಅಳೆಯುವುದೇ ಬೇಕಿರಲಿಲ್ಲ. ಮರ ಆಗಲೇ ಅದಕ್ಕಿಂತ ದಪ್ಪವಿತ್ತು. ಇವರಿಗೆ ಕಾಯಲು ಒಂದು ಬೇಸಿಗೆಯೂ ಇರಲಿಲ್ಲ.

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಕತಿಂಕಾಳ ಮುಖ ಕಣ್ಣ ಮುಂದೆ ಬಂತು, ಮರದ ಒಂದು ತುದಿ ನಾನೇ ಎತ್ತಿ ಕೊಟ್ಟೆ. ಆ ಪಾಪ ನನ್ನದು, ಯಾರ ತಲೆಗೂ ಕಟ್ಟುವುದಿಲ್ಲ. ಅತ್ತೆ ಎರಡೂ ತೋಳಿನಿಂದ ಬೊಡ್ಡೆಯನ್ನು ತಬ್ಬಿ ನೆಟ್ಟಗೆ ಹಿಡಿದು, ಆಮೇಲೆ ಒಂದು ಕೈ ಬಿಡಿಸಿಕೊಂಡು ಮಣ್ಣು ಎಳೆದು ಎಳೆದು ಹಾಕಿದರು. ಸಹಾಯಕ್ಕೆ ಹೋದರೆ ಮುಟ್ಟಬೇಡಿ ಎಂದು ಗದರಿದರು. ಸಂಜೆಯಾಯಿತು. ಆಮೇಲೆ ತ್ರೊಫೀಮ ನೀರು ಹೊಯ್ದ, ಮೂರು ಗೂಟ ನೆಟ್ಟು ಕಟ್ಟಿದ, ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿದ. ಕತ್ತರಿಸಿದ ಕಡೆಯಿಂದ ನೀರು ಎರಡು ದಿನ ಒಸರಿತು.

ಮೇ ಮೂರನೇ ವಾರ ಮರ ಚಿಗುರಿತು. ಮಂಜು ಬೀಳುವ ಹಾಗಿದ್ದ ದಿನ, ಈಗ ಸತ್ತರೆ ಚಳಿಗೋ ನಮ್ಮ ಸಲಿಕೆಗೋ ಯಾರು ಹೇಳುತ್ತಾರೆ ಎಂದು ಅತ್ತೆಯೇ ಎದ್ದು ಒದ್ದೆ ಹುಲ್ಲು ಸುಟ್ಟರು. ಕತಿಂಕಾ ಕೆರೆಯಲ್ಲಿ ಈಜುತ್ತಾಳೆ, ಮರ ಹತ್ತುತ್ತಾಳೆ, ಮೊಣಕಾಲು ತರಚಿಕೊಂಡು ಬರುತ್ತಾಳೆ. ನಾನು ಬೈಯುವುದಿಲ್ಲ. ಅವಳಿಗಾಗಿ ಹೆದರುತ್ತಿದ್ದ ಜಾಗ ಖಾಲಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಈಗ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅತ್ತೆಯ ಕೋಣೆಯ ಬಾಗಿಲಿಗೆ ಹೋಗುತ್ತೇನೆ. ತೆರೆಯಲು ಧೈರ್ಯ ಸಾಲುವುದಿಲ್ಲ, ಹೊರಗೇ ನಿಂತು ಕರೆಯುತ್ತೇನೆ. ಅವರು ತಕ್ಷಣ ಉತ್ತರ ಕೊಡುವುದಿಲ್ಲ, ಬೇಕೆಂದೇ ಕಾಯಿಸುತ್ತಾರೋ, ಬದುಕಿದ್ದೇನೆಯೇ ಎಂದು ಅವರೂ ನೋಡಿಕೊಳ್ಳುತ್ತಾರೋ ತಿಳಿಯದು.

"ಇನ್ನೂ ಇಲ್ಲ ಕಣೆ" ಎನ್ನುತ್ತಾರೆ ಒಳಗಿನಿಂದ. "ಹೋಗು, ಹಸು ಕೂಗ್ತಿದೆ."