ಸುಣ್ಣ ಹಚ್ಚದ ಗೋಡೆ

ದುಂಡಸಿಯ ತಿಪ್ಪವ್ವನ ಮನೆಯ ಹಿಂದಿನ ಗೋಡೆ ಬಾಯಿ ಬಿಟ್ಟಿತ್ತು. ಮಣ್ಣಿನ ಮಾಳಿಗೆ ಮನೆ. ಸೋರಬಾರದೆಂದು ವರ್ಷಾ ವರ್ಷಾ ಮೇಲೆ ಮಣ್ಣು ಹೇರಿ ಹೇರಿ ಮಾಳಿಗೆ ಭಾರವಾಗಿತ್ತು, ಹೊರುವ ಗೋಡೆ ಸೊರಗಿತ್ತು. ತೊಲೆಗೆ ಒಂದು ಜಾಲಿ ಕಂಬ ಆನಿಸಿದ್ದರು. ಅದರ ಬುಡದಲ್ಲೇ ಮಗಳು ಮಾಲಾ ಮಲಗಬೇಕು. ಮೋಡ ಕಂಡರೆ ಊರಿಗೆಲ್ಲ ಖುಷಿ, ತಿಪ್ಪವ್ವನಿಗೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು.

ಹಾಗಾದರೆ ಸರ್ಕಾರದ ಮನೆ ಯಾಕೆ ಸಿಗಲಿಲ್ಲ ಅಂತೀರಾ? ಅದೇ ನೋಡಿ ತಮಾಷೆ. ಹೋದ ವರ್ಷ ಮನೆಯಿಲ್ಲದವರ, ಬೀಳುವ ಮನೆಯಲ್ಲಿರುವವರ ಸಮೀಕ್ಷೆಗೆ ಬರುತ್ತಾರೆಂದು ಪಂಚಾಯ್ತಿಯಿಂದ ಸುದ್ದಿ ಬಂತು. ಸಾಹೇಬರು ಮನೆಗೆ ಬರುವುದೆಂದರೆ ಸುಮ್ಮನೆಯೇ! ತಿಪ್ಪವ್ವನ ಗಂಡ ಕನಕಪ್ಪ ಮರ್ಯಾದೆಗೆ ಜೀವ ಬಿಡುವ ಮನುಷ್ಯ. ಬಿರುಕಿಗೆ ಮಣ್ಣು ಮೆತ್ತಿದ, ಗೋಡೆಗೆಲ್ಲ ಸುಣ್ಣ ಹಚ್ಚಿದ, ಕಂಬ ಕಾಣದಂತೆ ಹೆಂಡತಿಯ ಇಳಕಲ್ ಸೀರೆ ಇಳಿಬಿಟ್ಟ. ಪಕ್ಕದ ಮನೆಯಿಂದ ಖುರ್ಚಿಯನ್ನೂ ತಂದ. ಬಂದವರು ಚಹಾ ಕುಡಿದು, ಮನೆ ಚೊಕ್ಕ ಇಟ್ಟುಕೊಂಡೀರಿ ಎಂದು ಹೊಗಳಿ ಹೋದರು. ಮನೆ ಬೇಕಾದವರಲ್ಲಿ ಇವರ ಹೆಸರು ಬರಲಿಲ್ಲ. ಬರುವುದಾದರೂ ಹೇಗೆ? ಮುಂದಿನ ಮಳೆಗೇ ಮೆತ್ತಿದ ಮಣ್ಣೆಲ್ಲ ಉದುರಿ ಬಿರುಕು ಮತ್ತೆ ಬಾಯಿ ಬಿಟ್ಟಿತು.

ಈ ಸಲ ಗ್ರಾಮಸಭೆಯ ಸುದ್ದಿ ತಂದವಳು ತಹಮೀನಾ, ತಿಪ್ಪವ್ವನ ಸ್ವಸಹಾಯ ಸಂಘದ ಗೆಳತಿ. ಅವಳು ಹಿಂದೆ ಸಭೆಯಲ್ಲಿ ಎದ್ದು ನಿಂತು ಕೇಳಿದ್ದಕ್ಕೇ ಈಗ ಗಟ್ಟಿ ಮನೆಯಲ್ಲಿದ್ದಾಳೆ. ಹಗ್ಗ ಹೊಸೆಯುತ್ತಿದ್ದ ಕನಕಪ್ಪ ತಲೆ ಎತ್ತಲಿಲ್ಲ.

“ಸರ್ಕಾರ ಬೆಂಗಳೂರಾಗ ಕುಂತೈತಿ ತಂಗಿ. ನಮ್ಮ ಗ್ವಾಡಿ ಅದಕ್ಕ ಹೆಂಗ ಕಾಣ್ತೈತಿ? ಮೆಂಬರ್ ಕಡೆಯವರಿಗಷ್ಟ ಮನಿ.”

“ಅಲ್ಲಿಂದ ಕಾಣೂದಿಲ್ಲ ಅಂತನ ಗ್ರಾಮಸಭಾ ಐತ್ರಿ ಅಣ್ಣಾರ. ಯಾರಿಗೆ ಮೊದಲ ಮನಿ ಬೇಕು ಅಂತ ಊರು ಕುಂತು ಹೇಳಬೇಕು. ನಾವ ಹೋಗ್ಲಿಲ್ಲಂದ್ರ ನಮ್ಮ ಸಲುವಾಗಿ ಯಾರು ಮಾತಾಡ್ತಾರ್ರಿ?”

ತಹಮೀನಾ ಬಿಡಿಸಿ ಹೇಳಿದಳು. ಊರಿಗೆ ಇಷ್ಟು ಮನೆ ಎಂದು ಮಂಜೂರು ಮಾಡುವುದು, ದುಡ್ಡು ಕೊಡುವುದು ಸರ್ಕಾರ. ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಮನೆ ಹೆಚ್ಚಾಗಿ ಹೆಂಗಸರ ಹೆಸರಿನಲ್ಲೇ ಆಗುತ್ತದೆ. ಪಾಯ, ಗೋಡೆ, ಛಾವಣಿ ಎಂದು ಕೆಲಸ ಏರಿದಂತೆ ಹಣ ಬ್ಯಾಂಕ್ ಖಾತೆಗೇ ಬರುತ್ತದೆ. ನಡುವೆ ಯಾರ ಕೈಯನ್ನೂ ಬಿಸಿ ಮಾಡಬೇಕಾಗಿಲ್ಲ.

ಕನಕಪ್ಪ ಹಗ್ಗ ಹೊಸೆಯುತ್ತಲೇ ಇದ್ದ. ನಾಲ್ಕು ಮಂದಿಯ ಮುಂದೆ ನಮ್ಮ ಮನೆ ಬೀಳುತ್ತಿದೆ ಎಂದು ಹೇಳಿಕೊಳ್ಳುವುದು ಅವನಿಗೆ ಗಂಟಲಲ್ಲಿ ಇಳಿಯದ ಮಾತು. ಸಭೆಯ ದಿನ ಬೆಳಿಗ್ಗೆ ತಿಪ್ಪವ್ವ ನೋಡುತ್ತಾಳೆ, ಗಂಡ ಮತ್ತೆ ಬಕೀಟಿನಲ್ಲಿ ಸುಣ್ಣ ಕದಡುತ್ತಿದ್ದಾನೆ! ಸಿಟ್ಟು ನೆತ್ತಿಗೇರಿತು. ಬಕೀಟು ಕಸಿದು ಹಿತ್ತಲಿಗೆ ಚೆಲ್ಲಿದಳು.

“ಮಗಳ ಮ್ಯಾಲ ಗ್ವಾಡಿ ಬಿದ್ರ ಈ ಮರ್ಯಾದಿ ತಗೊಂಡು ಏನ್ ಮಾಡ್ತೀರಿ?”

ಉತ್ತರಕ್ಕೆ ಕಾಯದೆ ಸಭೆಗೆ ಹೊರಟೇಬಿಟ್ಟಳು. ಅಲ್ಲಿ ಎದ್ದು ನಿಂತಳು. ತನ್ನ ಮನೆಯ ಸ್ಥಿತಿಯನ್ನು ಇದ್ದದ್ದು ಇದ್ದಂತೆ ಹೇಳಿದಳು. ಮುಂದೆ ಕುಳಿತಿದ್ದ ಪರಮೇಶಪ್ಪ ಎಂಬ ಹಿರಿಯರು, ನಿಮ್ಮ ಮನೆ ಚಲೋ ಇದೆಯಲ್ಲ, ಹೋದ ವರ್ಷ ಸಮೀಕ್ಷೆಯವರ ಜೊತೆ ಬಂದು ನಾನೇ ನೋಡಿದ್ದೆ ಎಂದರು. ಕೆಲವರು ನಕ್ಕರು.

“ನೀವು ಸುಣ್ಣ ನೋಡೀರಿ ಯಜಮಾನ್ರ, ಮನಿ ನೋಡಿಲ್ಲ. ಈಗ ಬಂದು ನೋಡ್ರಿ” ಎಂದಳು ತಿಪ್ಪವ್ವ.

ನಗು ನಿಂತಿತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಎದ್ದರು, ಪರಮೇಶಪ್ಪನವರೂ ಎದ್ದರು, ಹಿಂದೆ ಒಂದಿಷ್ಟು ಮಂದಿ. ಮನೆಯ ಬಾಗಿಲಲ್ಲಿ ಕನಕಪ್ಪ ನಿಂತಿದ್ದ. ಒಳಗೆ ಕಂಬಕ್ಕೆ ಅಡ್ಡವಾಗಿ ಅದೇ ಇಳಕಲ್ ಸೀರೆ ತೂಗುತ್ತಿತ್ತು. ಅಯ್ಯೋ, ಮತ್ತೆ ಕಟ್ಟಿದನಲ್ಲ ಈ ಪುಣ್ಯಾತ್ಮ ಎಂದು ತಿಪ್ಪವ್ವನ ಜೀವ ಬಾಯಿಗೆ ಬಂತು.

ಕನಕಪ್ಪ ಬಂದವರನ್ನು ನೋಡಿದ. ಕಂಬದ ಬುಡದಲ್ಲಿ ಸುತ್ತಿಟ್ಟಿದ್ದ ಮಗಳ ಚಾಪೆಯನ್ನು ನೋಡಿದ. ಆಮೇಲೆ ತನ್ನ ಕೈಯಾರೆ ಸೀರೆಯನ್ನು ಎಳೆದು ಕೆಳಗೆ ಹಾಕಿದ.

“ನೋಡ್ರಿ. ನಮ್ಮ ಮನಿ ಇದು.”

ಪರಮೇಶಪ್ಪ ಬಿರುಕಿನಲ್ಲಿ ಕೈಯಿಟ್ಟರು. ಕೈ ಆಚೆ ಹಿತ್ತಲಿಗೆ ಹೋಯಿತು. ಸಭೆಗೆ ಮರಳಿದ ಮೇಲೆ ತಿಪ್ಪವ್ವನ ಹೆಸರನ್ನು ಮೊದಲು ಎತ್ತಿದವರು ಅವರೇ. ಊರು ಒಪ್ಪಿತು. ಹೊಸ ಮನೆ ಏಳುವವರೆಗೆ ಮಾಲಾಳನ್ನು ತಹಮೀನಾ ತನ್ನ ಮನೆಯಲ್ಲಿ ಮಲಗಿಸಿಕೊಂಡಳು.

ಶಿಗ್ಗಾವಿ, ಹಾನಗಲ್, ಸವಣೂರು, ಹಿರೇಕೆರೂರಿನ ಅಕ್ಕ ಅಣ್ಣಂದಿರೇ, ನಿಮ್ಮೂರಿನ ಗ್ರಾಮಸಭೆ ಯಾವಾಗ ಎಂದು ಇವತ್ತೇ ಪಂಚಾಯ್ತಿಯಲ್ಲಿ ಕೇಳಿ. ಪಟ್ಟಣದವರು ಪುರಸಭೆಯಲ್ಲಿ ವಿಚಾರಿಸಿ. ಹೆಂಗಸರು ಹಿಂದೆ ಕೂರದೆ ಎದ್ದು ಮಾತಾಡಿ. ಮನೆ ನೋಡಲು ಬಂದವರಿಗೆ ಬೇಕಾದರೆ ಚಹಾ ಕೊಡಿ, ಬಿರುಕನ್ನು ಮುಚ್ಚಬೇಡಿ. ಸುಣ್ಣವನ್ನು ಹೊಸ ಮನೆಗೆ ಇಟ್ಟುಕೊಳ್ಳಿ.