ತಮಟೆಯ ಹದ

ಹಲಗೂರಿನಲ್ಲಿ ಅಂಕಯ್ಯನ ಹೆಣ ಎತ್ತುವ ಹೊತ್ತಿಗೆ ಕೆಂಪರಾಜು ತನ್ನ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕೂತಿದ್ದ. ಜೊತೆಯಲ್ಲಿ ಬಾರಿಸುತ್ತಲೇ ಅವನಿಗೆ ಪೆಟ್ಟುಗಳನ್ನೆಲ್ಲ ಕಲಿಸಿದವನು ಅಂಕಯ್ಯ. ಎಲ್ಲಿಗೆ ಹೋದರೂ ಇಬ್ಬರ ತಮಟೆಯನ್ನೂ ಕಾಯಿಸುತ್ತಿದ್ದವನೂ ಅವನೇ. "ಬಾಲಾ ಇಲ್ಲಿ, ಚರ್ಮದ ಹದ ನೋಡ್ಕೊ" ಎಂದು ಪ್ರತಿ ಸಲವೂ ಕರೆಯುತ್ತಿದ್ದ. "ನೀನಿದ್ದೀಯಲ್ಲಣ್ಣ" ಎಂದು ಕೆಂಪರಾಜು ಟೀ ಅಂಗಡಿಗೆ ಹೋಗಿಬಿಡುತ್ತಿದ್ದ.

ಈಗ ಚರ್ಮ ಹರಿದೀತೆಂದು ಹೆದರಿ ತಮಟೆಯನ್ನು ಬೇಗ ತೆಗೆದ. ಮೊದಲ ಪೆಟ್ಟಿಗೇ ಅದು ಒದ್ದೆ ಗೋಣಿಚೀಲ ಬಡಿದಂತೆ ಸದ್ದು ಮಾಡಿತು.

"ಇನ್ನೊಸಿ ಕಾಯ್ಸ್ಲಾ" ಎಂದಳು ಅಂಕಯ್ಯನ ಹೆಂಡತಿ ಮಾಯಮ್ಮ.

"ಎಷ್ಟೊತ್ತು ಅತ್ಗೆ?"

"ನಂಗೇನ್ ಗೊತ್ತು? ಅವ್ನು ಬೆರಳಲ್ಲಿ ತಟ್ಟಿ ತಟ್ಟಿ ಕೇಳ್ತಿದ್ದ ಕಣಪ್ಪ."

ಕೆಂಪರಾಜು ಮತ್ತೆ ಬೆಂಕಿಯ ಮುಂದೆ ಕೂತು, ಬೆರಳಿನಿಂದ ತಟ್ಟಿ, ಕಿವಿಗೊಟ್ಟ. ಹೊರುವವರು ಆಗಲೇ ಚಟ್ಟಕ್ಕೆ ಕೈ ಹಾಕಿದ್ದರು.