ಮುರಿಗೆಪ್ಪ ಎಲ್ಲಿಗೆ ಹೊರಟಿದ್ದ?

ಧಾರಾವಿಯ ಸಣ್ಣ ಕಾರಖಾನೆಗಳಿಗೆ ಆಳು ಸಿಗುವುದು ಕಷ್ಟ, ಸಿಕ್ಕವರು ನಿಲ್ಲುವುದು ಇನ್ನೂ ಕಷ್ಟ. ಅಣವೀರಪ್ಪನಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಶಾಲೆಯ ಮಕ್ಕಳ ಚೀಲ ಹೊಲಿಯುವ ಅವನ ಕಾರಖಾನೆಗೆ ಜನ ಬರುತ್ತಿದ್ದದ್ದು ಸಿಂದಗಿ ಕಡೆಯ ಅವನ ಊರಿನಿಂದಲೇ. ಹೊಸಬ ಬಂದ ದಿನ ಅವನನ್ನು ಮೊದಲು ಮನೆಗೆ ಕರೆದೊಯ್ದು, ಹೆಂಡತಿ ಮಲ್ಲವ್ವನ ಕೈಯ ಬಿಸಿ ರೊಟ್ಟಿ ಉಣ್ಣಿಸುತ್ತಿದ್ದ. ಉಂಡು ಕೈ ತೊಳೆದರೆ ಮುಗಿಯಿತು, ಆಳು ಮನೆಯವನಾದ. ಅಂದಿನಿಂದ ಅವನಿಗೆ ಅಣವೀರಪ್ಪ ಕಾಕಾ, ಅಣವೀರಪ್ಪನಿಗೆ ಅವನು ತಮ್ಮನ ಮಗ. ನೇಮಕದ ಪತ್ರ, ವಿಮೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅಣವೀರಪ್ಪನ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಮನೆ ಮಂದಿಯ ಜೊತೆ ಕಾಗದ ಮಾಡಿಕೊಳ್ಳುವವನು ಎಂಥ ಮನುಷ್ಯ ಎಂದು ಕೇಳುತ್ತಿದ್ದ.

ಅವನಿಗೆ ಅವರ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಆ ಪ್ರೀತಿಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದ. ತಪಾಸಣೆಯವರು ಬಂದರೆ, ಆಳುಗಳು ನಾಲ್ಕೇ ಮಂದಿ, ಉಳಿದವರೆಲ್ಲ ನಮ್ಮ ಹುಡುಗರು ಎನ್ನುತ್ತಿದ್ದ. ಹಿಂದುಗಡೆ ಹನ್ನೆರಡು ಹೊಲಿಗೆ ಯಂತ್ರಗಳು ಗಡಗಡ ಎನ್ನುತ್ತಲೇ ಇರುತ್ತಿದ್ದವು.

ಕುರ್ಲಾದಲ್ಲಿ ಹೆಂಗಸರನ್ನಿಟ್ಟುಕೊಂಡು ಬಟ್ಟೆ ಹೊಲಿಸುವ ಬೆಳಗಾವಿಯ ರೂಪಾಲಿ, ದಾರ ಕೊಳ್ಳಲು ಬಂದಾಗಲೆಲ್ಲ ಅವನ ಕಾರಖಾನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದಳು. ಒಮ್ಮೆ ಅವಳೇ ಮಾತು ತೆಗೆದಳು. ೨೦೨೫ರ ನವೆಂಬರಿನಿಂದ ಹಳೆಯ ಕಾರ್ಮಿಕ ಕಾನೂನುಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ, ಈಗ ಕೆಲಸಗಾರರಿಗೆ ನೇಮಕದ ಪತ್ರ ಕೊಡಬೇಕು ಎಂದಳು. ಹತ್ತು ಅಥವಾ ಹೆಚ್ಚು ಜನರಿದ್ದರೆ ಇ.ಎಸ್.ಐ. ವಿಮೆ ಮಾಡಿಸಲೇಬೇಕು, ಕಡಿಮೆ ಇದ್ದವರೂ ಇಷ್ಟಪಟ್ಟರೆ ಸೇರಬಹುದು ಎಂದೂ ತಿಳಿಸಿದಳು. ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಆದ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ಸಂಬಂಧವಿದ್ದರೆ, ಕೆಲಸದ ಮೇಲೆ ಆದದ್ದೆಂದೇ ಹಿಡಿಯುತ್ತಾರೆ ಎಂದಳು. ತಾನೂ ಮೊದಲು ಗೊಣಗಿದವಳೇ, ಖರ್ಚು ಬರುವುದು ನಿಜವೇ ಎಂದು ಒಪ್ಪಿಕೊಂಡಳು.

ಅಣವೀರಪ್ಪ ನಕ್ಕುಬಿಟ್ಟ.

"ನೀ ಬರೇ ಅಂಜಿ ಅಂಜಿ ಧಂದಾ ಮಾಡಾಕಿ, ತಂಗಿ. ನಮ್ಮ ಊರವ್ರು ನನ್ನ ಮ್ಯಾಲ ಕೇಸ್ ಹಾಕ್ತಾರೇನು?"

"ಹಾಕೂದಿಲ್ಲಣ್ಣಾ," ಎಂದಳು ರೂಪಾಲಿ. "ನನಗ ಅದರದ ಅಂಜಿಕಿ."

ಜೂನ್ ಹತ್ತಿರ ಬಂತು. ಶಾಲೆಗಳು ತೆರೆಯುವ ಹೊತ್ತು, ಚೀಲದ ಧಂದೆಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಭಾನುವಾರವೂ ಕೆಲಸ, ಅದೂ ಬೇಗ ಬಾ ಎಂದು ಅಣವೀರಪ್ಪ ಮುರಿಗೆಪ್ಪನಿಗೆ ಫೋನ್ ಮಾಡಿದ. ಮುರಿಗೆಪ್ಪ ಅವನ ಕಾರಖಾನೆಯ ಹಳೆಯ ಆಳು. ಹೆಂಡತಿ ಭಾಗವ್ವ, ಒಬ್ಬಳೇ ಮಗಳೊಂದಿಗೆ ಕುರ್ಲಾದ ಚಾಳಿನಲ್ಲಿದ್ದ. ಬೆಳಿಗ್ಗೆ ಲೋಕಲ್ ಹತ್ತಿದವನು, ಧಾರಾವಿಗೆ ಇಳಿಯುವ ಸಾಯನ್ ಸ್ಟೇಷನ್ ಬರುವ ಮೊದಲೇ ಬಾಗಿಲಿನಿಂದ ಬಿದ್ದ. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು.

ಅಣವೀರಪ್ಪ ಓಡಿ ಬಂದ. ಎದೆ ಒಡೆದು ಅತ್ತ, ಆ ಅಳು ಸುಳ್ಳಲ್ಲ. ಆದರೆ ಪೊಲೀಸರು ನೀವು ಯಾರು, ಇವರು ಎಲ್ಲಿಗೆ ಹೊರಟಿದ್ದರು ಎಂದು ಕೇಳಿದಾಗ, ವರ್ಷಗಟ್ಟಲೆ ಆಡಿದ ನಾಲಿಗೆ ತಾನೇ ಹೊರಳಿತು. ತಮ್ಮನ ಮಗ, ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ ಎಂದುಬಿಟ್ಟ. ಪೊಲೀಸರು ಹಾಗೆಯೇ ಬರೆದುಕೊಂಡರು. ಗೋಡೆಗೆ ಒರಗಿ ಕುಳಿತಿದ್ದ ಭಾಗವ್ವ ತಲೆ ಎತ್ತಿ ಅವನನ್ನು ನೋಡಿದಳು.

ಊರಿಗೆ ಹೋಗಿ ಮಣ್ಣು ಮಾಡಿ ಬಂದ ಮೇಲೆ ಅವಳು ಮಗಳನ್ನು ಕರೆದುಕೊಂಡು ಅಣವೀರಪ್ಪನ ಮನೆಗೆ ಬಂದಳು. ಸುದ್ದಿ ತಿಳಿದು ಕುರ್ಲಾದ ಚಾಳಿಗೆ ಹೋಗಿ ಅವಳನ್ನು ಕಂಡಿದ್ದ ರೂಪಾಲಿಯೂ ಜೊತೆಗಿದ್ದಳು. ಮಲ್ಲವ್ವ ನೀರು ಕೊಟ್ಟಳು, ಭಾಗವ್ವ ಮುಟ್ಟಲಿಲ್ಲ. ಕೈಲಾದಷ್ಟು ಸಹಾಯ ಮಾಡುತ್ತೇನವ್ವಾ ಎಂದು ಅಣವೀರಪ್ಪ ಶುರು ಮಾಡಿದ. ಅವಳು ತಡೆದಳು.

"ಕಾಕಾರ, ಊಟಕ್ಕ ಬರಾಕತ್ತಿದ್ದ ಅಂದ್ರಿ. ಮುಂಜಾನಿ ಏಳಕ್ಕ ಯಾರ ಮನ್ಯಾಗ ಊಟ ಇರತೈತ್ರಿ?"

ಅಣವೀರಪ್ಪ ನೆಲ ನೋಡಿದ.

ರೂಪಾಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ವಿಮೆ ಇದ್ದಿದ್ದರೆ ಈ ತಾಯಿ ಮಗಳಿಗೆ ತಿಂಗಳು ತಿಂಗಳು ಅಲ್ಲಿಂದಲೇ ಹಣ ಬರುತ್ತಿತ್ತು, ಮಾಲೀಕನ ತಲೆಯ ಮೇಲೂ ಇಷ್ಟು ಭಾರ ಬೀಳುತ್ತಿರಲಿಲ್ಲ. ಈಗ ಪರಿಹಾರ ಅಣವೀರಪ್ಪನೇ ಕೊಡಬೇಕಾಗಬಹುದು, ದಂಡವೂ ಬೀಳಬಹುದು. ಆದರೆ ಅವನು ಆಡಿದ ಮಾತು ಹಾಗೆಯೇ ಉಳಿದರೆ ಮುರಿಗೆಪ್ಪ ಕೆಲಸಗಾರನೇ ಅಲ್ಲ ಎಂದಾಗುತ್ತದೆ, ಭಾಗವ್ವ ನ್ಯಾಯಕ್ಕಾಗಿ ಬರಿಗೈಯಲ್ಲಿ ಅಲೆಯಬೇಕಾಗುತ್ತದೆ. ಮನೆಯವನು ಎಂದು ಕರೆದೇ ಅವನ ಹೆಂಡತಿ ಮಗಳನ್ನು ಬೀದಿಗೆ ಹಾಕಿದಿರಿ ಎಂದಳು ರೂಪಾಲಿ. ಆ ಮಾತು ಅಣವೀರಪ್ಪನಿಗೆ ನಾಟಿತು.

ನಿಜ ಹೇಳಿದರೆ ಕಾರಖಾನೆ ಉಳಿಯುವುದಿಲ್ಲ ಎಂದು ಅವನು ಮೆಲ್ಲಗೆ ಗೊಣಗಿದ. ಮಲ್ಲವ್ವ ಬಾಯಿ ಬಿಟ್ಟಳು.

"ಕಾರಖಾನಿ ಹೋದ್ರ ಹೋಗ್ಲಿ. ಈಕಿ ಮಗಳ ಮಾರಿ ನೋಡ್ಕೋತ ಹೆಂಗ ಬದುಕ್ತೀರಿ? ನಡೀರಿ, ನಾನೂ ಬರ್ತೀನಿ."

ಮರುದಿನ ನಾಲ್ವರೂ ಮೊದಲು ಪೊಲೀಸರ ಬಳಿಗೆ, ಆಮೇಲೆ ಕಾರ್ಮಿಕ ಕಚೇರಿಗೆ ಹೋದರು. ಅಣವೀರಪ್ಪ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ. ಹನ್ನೆರಡು ಮಂದಿಯ ಹೆಸರನ್ನೂ ಹೇಳಿದ. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಅಧಿಕಾರಿ ಅವನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು.

ಇದರಿಂದ ಎಲ್ಲವೂ ಸರಿಹೋಯಿತು ಎಂದು ಹೇಳುವ ಹಾಗಿಲ್ಲ. ಪರಿಹಾರ ಕೊಡಲು ಅಣವೀರಪ್ಪ ಅರ್ಧ ಯಂತ್ರಗಳನ್ನು ಮಾರಿದ. ಕೆಲವರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು. ಉಳಿದವರಿಗೆ ನೇಮಕದ ಪತ್ರ ಬಂತು, ವಿಮೆ ಆಯಿತು. ಸಿಂದಗಿ ಕಡೆಯಿಂದ ಈಗ ಯಾರೂ ಅವನ ಬಳಿಗೆ ಬರುವುದಿಲ್ಲ. ಭಾಗವ್ವನ ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಭಾಗವ್ವ ಅಣವೀರಪ್ಪನನ್ನು ಈಗ ಕಾಕಾ ಎನ್ನುವುದಿಲ್ಲ, ಮಾಲಕರು ಎನ್ನುತ್ತಾಳೆ. ಪ್ರತಿ ಸಲವೂ ಅವನಿಗೆ ಅದು ಚುಚ್ಚುತ್ತದೆ, ಚುಚ್ಚಬೇಕಾದದ್ದೇ.

ಕಾರಖಾನೆ, ಅಂಗಡಿ, ಖಾನಾವಳಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಕಾನೂನು ಬದಲಾಗಿದೆ. ಗೊತ್ತಿರಲಿಲ್ಲ ಎಂದರೆ ಯಾರೂ ಕೇಳುವುದಿಲ್ಲ. ನಿಮ್ಮ ಘಟಕಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಈ ವಾರವೇ ಹತ್ತಿರದ ಕಾರ್ಮಿಕ ಕಚೇರಿಯಲ್ಲಿ ವಿಚಾರಿಸಿ. ಕೆಲಸಗಾರರಿಗೆ ನೇಮಕದ ಪತ್ರ ಕೊಡಿ, ವಿಮೆ ಮಾಡಿಸಿ. ಊರಿನವರಿಗೆ, ಬಂಧುಗಳಿಗೆ ಮೊದಲು ಮಾಡಿಸಿ, ಏಕೆಂದರೆ ಅವರು ನಿಮ್ಮನ್ನು ಬಾಯಿಬಿಟ್ಟು ಕೇಳುವುದಿಲ್ಲ. ನಾಳೆ ಬೆಳಿಗ್ಗೆಯೂ ಅವರು ಲೋಕಲ್‌ನ ಬಾಗಿಲಲ್ಲಿ ಜೋತುಬಿದ್ದು ಬರುವುದು ನಿಮ್ಮ ಕೆಲಸಕ್ಕೇ.